ಅಪ್ಪ ಮೀಸೆ ತೆಗೆಸಿದ್ದು

ಕಿವಿ ಹೋಗುವಾಗ ಯಾರೂ ಬಂದು ಹೇಳುವುದಿಲ್ಲ. ನನ್ನ ಪಾಲಿಗಂತೂ ಮನೆಯ ಸಾಮಾನು ಒಂದೊಂದೇ ಕಳುವಾದ ಹಾಗೆ ಹೋಯಿತು. ಮೊದಲು ಕುಕ್ಕರಿನ ಸೀಟಿ, ಆಮೇಲೆ ಮೊಬೈಲಿನ ರಿಂಗು, ಆಮೇಲೆ ಕೊಡಿಗೇಹಳ್ಳಿಯ ನಮ್ಮ ಬಾಡಿಗೆ ಮನೆಯ ಹಿಂದಿನ ಹೊಂಗೆ ಮರದ ಹಕ್ಕಿಗಳು. ನಾನಾಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಒಂದು ದಿನ ಅವ್ವ, "ಮೂರು ಸೀಟಿ ಆದ್ರ ಆರಸು" ಅಂತ ಹೇಳಿ ಅಂಗಡಿಗೆ ಹೋದಳು. ತಿರುಗಿ ಬಂದಾಗ ಬೇಳೆ ಹೊತ್ತಿ ಮನೆ ತುಂಬ ಹೊಗೆ. ನಾನು ಪಕ್ಕದ ಕೋಣೆಯಲ್ಲಿ ಕೂತು ಆರಾಮಾಗಿ ಲೆಕ್ಕ ಬಿಡಿಸುತ್ತಿದ್ದೆ. "ಧ್ಯಾನ ಎಲ್ಲೈತಿ ನಿಂದು?" ಎಂದು ಬೈದಳು. ನೆಗಡಿಯಾಗಿತ್ತು, ಮೂಗಿನ ಜೊತೆ ಕಿವಿಯೂ ಕಟ್ಟಿರಬೇಕು ಅಂದುಕೊಂಡೆ. ನೆಗಡಿ ಹೋಯಿತು. ಕಿವಿ ಕಟ್ಟಿದ್ದು ಕಟ್ಟಿದ ಹಾಗೇ ಉಳಿಯಿತು.

ನಮ್ಮದು ಮುದ್ದೇಬಿಹಾಳದ ಕಡೆಯ ಹಳ್ಳಿ. ಅಪ್ಪ ಮದುವೆಗೂ ಮುಂಚೆಯೇ ಬೆಂಗಳೂರಿಗೆ ಬಂದು ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಂತವನು. ಊರಲ್ಲಿ ನನ್ನ ಅಜ್ಜ, ಅಂದರೆ ನಾವು ಕರೆಯುವ ಹಾಗೆ ಮುತ್ಯಾ, ಚಿಕ್ಕಪ್ಪನ ಜೊತೆ ಇದ್ದ. ಅಪ್ಪನ ಅಕ್ಕ ಗಂಗತ್ತಿ ಯಶವಂತಪುರದಲ್ಲೇ. ನಮ್ಮ ಬಳಗ ಅಂದರೆ ಇಷ್ಟೇ.

ಕಿವಿಗೆ ಮೊದಲ ಡಾಕ್ಟರು ಅವ್ವನೇ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು, ಹತ್ತಿ ಇಟ್ಟಳು, ದೃಷ್ಟಿ ತೆಗೆದಳು. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಆರ್.ಟಿ. ನಗರದ ನಸ್ರೀನ್. ನನ್ನ ಮೈಯಿಂದ ಒಗ್ಗರಣೆ ವಾಸನೆ ಬರುತ್ತೆ ಅಂತ ಅವಳು ತಮಾಷೆ ಮಾಡುವಷ್ಟು ದಿನ ಈ ಉಪಚಾರ ನಡೆಯಿತು. ಕೊನೆಗೆ ಅಪ್ಪ ರಜೆ ಹಾಕಿ ಹೆಬ್ಬಾಳದ ಒಂದು ಆಸ್ಪತ್ರೆಗೆ ಕರಕೊಂಡು ಹೋದ.

ಆ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ರೋಗಿಗಳ ಹೆಸರನ್ನು ಕೂಗಿ ಕರೆಯುತ್ತಿದ್ದರು. ತಮಾಷೆಯಲ್ಲ. ಬಾಗಿಲ ಬಳಿ ನಿಂತ ನರ್ಸಮ್ಮ ಕಾಗದ ನೋಡಿ ಏನೋ ಅನ್ನುವಳು, ಬೆಂಚಿನ ಮೇಲಿದ್ದ ನಾವು ಕಿವಿ ಕೇಳದವರೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು, ಪ್ರತಿ ಸಲವೂ ಇಬ್ಬರು ಮೂವರು ಒಟ್ಟಿಗೆ ಎದ್ದು ನಿಲ್ಲುವರು. ಅಪ್ಪ ಚೀಟಿ ಮಾಡಿಸಲು ಹೋಗಿದ್ದಾಗ ನನ್ನ ಪಕ್ಕ ಒಬ್ಬ ಅಜ್ಜಿ ಇದ್ದಳು. ಅವಳಿಗೂ ಕೇಳದು. ಆದರೂ ಎಷ್ಟೋ ತಿಂಗಳಿಂದ ಬಂದು ಬಂದು ಪಳಗಿದ್ದಳು. ನನ್ನ ಮೊಣಕೈ ತಟ್ಟಿ, "ಅವಮ್ಮ ನಿನ್ ಕಡೆ ನೋಡ್ತಾವ್ಳೆ, ಓಗು, ನಿಂದೇ ಇರ್ಬೇಕು" ಅಂದಳು. ನನ್ನದೇ ಆಗಿತ್ತು. ಆ ಅಜ್ಜಿಯ ಹೆಸರು ನನಗೆ ಗೊತ್ತಿಲ್ಲ. ಆಕೆ ಅವತ್ತು ಮೊಣಕೈ ತಟ್ಟಿದ್ದನ್ನು ಮಾತ್ರ ಮರೆತಿಲ್ಲ.

ಒಂದು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಬಟನ್ ಒತ್ತು ಅಂದರು. ಹೊರಗೆ ಕೂತ ಆಡಿಯಾಲಜಿಸ್ಟ್ ಹುಡುಗಿಯ ಬೆನ್ನ ಹಿಂದೆ ಅಪ್ಪ ನಿಂತಿದ್ದ. ನಾನು ಒತ್ತಿದಾಗ ಒಂದು ದೀಪ ಹತ್ತುತ್ತಿತ್ತಂತೆ. ಬಹಳ ಹೊತ್ತು ಆ ದೀಪ ಹತ್ತಲಿಲ್ಲ. ನನಗೆ ಫಲಿತಾಂಶ ಗೊತ್ತಾದದ್ದು ಡಾಕ್ಟರಿಂದಲ್ಲ, ಗಾಜಿನಾಚೆ ಅಪ್ಪನ ಮುಖದಿಂದ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದೆ ಸುಮ್ಮನೆ ಗೀಚುವವರಂತೆ ನಾನು ಆಗಾಗ ಬಟನ್ ಒತ್ತಿದೆ, ಅವನಿಗೆ ಸಮಾಧಾನ ಆಗಲಿ ಅಂತ. ಆ ಹುಡುಗಿ ತಲೆ ಎತ್ತಿ ನೋಡಿ ಬೆರಳಾಡಿಸಿದಳು: ಮೋಸ ಮಾಡಬೇಡ.

ನರದ ತೊಂದರೆ, ಎರಡೂ ಕಿವಿ, ಕಾರಣ ಹೇಳಲಾಗದು, ಹೋದದ್ದು ಬರುವುದಿಲ್ಲ, ಉಳಿದದ್ದೂ ಕ್ರಮೇಣ ಕಡಿಮೆಯಾಗಬಹುದು. ಡಾಕ್ಟರು ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದರು. ಕಿವಿಯ ಯಂತ್ರ ಕೊಟ್ಟರು. ಅದು ಸದ್ದನ್ನು ದೊಡ್ಡದು ಮಾಡುತ್ತದೆ, ಮಾತನ್ನು ಸ್ಪಷ್ಟ ಮಾಡುವುದಿಲ್ಲ. ಫ್ಲೈಓವರಿನ ಲಾರಿ ಮೆದುಳಿನೊಳಗೇ ಓಡುತ್ತದೆ, ಎದುರಿಗಿದ್ದವರ ಮಾತು ಮಾತ್ರ ಕಂಬಳಿ ಹೊದ್ದುಕೊಂಡೇ ಬರುತ್ತದೆ. ಹಾಗಾಗಿ ತುಟಿ ನೋಡಿ ತಿಳಿಯುವುದನ್ನು ಕಲಿಯಬೇಕು ಅಂದಳು ಆಡಿಯಾಲಜಿಸ್ಟ್ ಹುಡುಗಿ. ಅಪ್ಪನಿಗೂ ಪಾಠ ಮಾಡಿದಳು. "ಮುಖದ ಮೇಲೆ ಬೆಳಕಿರ್ಬೇಕು ಸರ್. ಬಾಯಲ್ಲಿ ಎಲೆಅಡಿಕೆ ಇಟ್ಕೊಂಡು ಮಾತಾಡ್ಬಾರ್ದು. ಮತ್ತೆ..." ಎಂದು ನಕ್ಕಳು, "ನಿಮ್ ಮೀಸೆ ಸ್ವಲ್ಪ ತುಟಿ ಬಿಟ್ಟು ಇದ್ರೆ ಒಳ್ಳೇದು."

ಅಪ್ಪನ ಮೀಸೆಯ ಬಗ್ಗೆ ಹೇಳಬೇಕು. ಹುಬ್ಬಿಗಿಂತ ದಪ್ಪ, ಮೇಲ್ತುಟಿಯನ್ನು ಪೂರ್ತಿ ಮುಚ್ಚಿ ಕೆಳತುಟಿಗೂ ತಾಗುವಂಥದ್ದು. ಕಾರ್ಖಾನೆಯಲ್ಲಿ ಅವನ ಹೆಸರೇ ಮೀಸೆಯಣ್ಣ. ಭಾನುವಾರ ಬೆಳಿಗ್ಗೆ ಚಿಕ್ಕ ಕತ್ತರಿ, ಕೈಗನ್ನಡಿ ಹಿಡಿದು ಬಾಗಿಲಲ್ಲಿ ಕೂತರೆ ಅವ್ವ, "ಮೀಸಿಗಿ ಮಾಡೂ ಸೇವಾ ನನಗ ಮಾಡಿದ್ರ..." ಎಂದು ಗೊಣಗುವಳು. ಅವ್ವನ ಮಾತು ನನಗೆ ಎಂದೂ ಕಷ್ಟವಾಗಲಿಲ್ಲ, ಅವಳು ಮುಖದಿಂದಲೇ ಅರ್ಧ ಮಾತಾಡುವವಳು. ಆದರೆ ಅಪ್ಪ ಮೊದಲೇ ಮೆತ್ತಗೆ ಮಾತಾಡುವವ, ಮೇಲೆ ದವಡೆಯಲ್ಲಿ ಎಲೆಅಡಿಕೆ, ಅದರ ಮೇಲೆ ಈ ಮೀಸೆ. ಮನೆಯಲ್ಲಿ ನಾನು ಮೊದಲು ಕಳೆದುಕೊಂಡದ್ದು ಅಪ್ಪನ ಮಾತನ್ನು. ಅವನು ಏನೋ ಹೇಳುವನು, ನಾನು "ಆಂ?" ಅನ್ನುವೆನು, ಅವನು ಇನ್ನೊಮ್ಮೆ ಹೇಳುವನು, ನಾನು ಮತ್ತೆ "ಆಂ?" ಅಂದಾಗ "ಏನಿಲ್ಲ ಬಿಡವ್ವ" ಎಂದು ಎದ್ದು ಹೋಗುವನು. ದಿನಕ್ಕೆ ಎಷ್ಟೋ ಸಲ ಹೀಗಾಗುತ್ತಿತ್ತು.

ಮುಂದಿನ ಭಾನುವಾರ ಅಪ್ಪ ಸಲೂನಿಗೆ ಹೋಗಿ ಬಂದ. ಬಾಗಿಲಲ್ಲಿ ನಿಂತವನನ್ನು ನೋಡಿ ಯಾರೋ ಅಂದುಕೊಂಡು ಸೆರಗು ಸರಿಮಾಡಿಕೊಂಡ ಅವ್ವ, ಗುರುತು ಹತ್ತಿದ ಮೇಲೆ ಅಲ್ಲೇ ಕುಸಿದು ಕೂತಳು. ನಮ್ಮ ಕಡೆ ತಂದೆ ಬದುಕಿರುವಾಗ ಮಗ ಮೀಸೆ ಬೋಳಿಸುವುದಿಲ್ಲ. ಬೋಳಿಸುವುದು ತಂದೆ ಸತ್ತ ಮೇಲೆ, ದಿನಕರ್ಮಕ್ಕೆ. ಅಲ್ಲಿ ಮುತ್ಯಾ ಗಟ್ಟಿಮುಟ್ಟಾಗಿ ಎತ್ತು ಮೇಯಿಸಿಕೊಂಡಿದ್ದ. ಇಲ್ಲಿ ಅಪ್ಪ ಬೋಳು ತುಟಿಯಲ್ಲಿ ನಿಂತು, ಬೆಳಕಿಗೆ ಮುಖ ಕೊಟ್ಟು, ನಿಧಾನಕ್ಕೆ ಕೇಳಿದ: "ಸವೂ, ಈಗ ತಿಳೀತೇನವ್ವ?"

ತಿಳಿಯಿತು. ಎಷ್ಟೋ ತಿಂಗಳ ಮೇಲೆ ಅಪ್ಪನ ಒಂದಿಡೀ ಮಾತು ತಿಳಿದದ್ದು ಅದೇ ಮೊದಲು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವನನ್ನು ತಬ್ಬಿಕೊಂಡು ನಕ್ಕೆ. ಅದಕ್ಕೆ ಎಷ್ಟು ತೆರಬೇಕಾಗುತ್ತದೆ ಅಂತ ಯಾರಿಗೂ ಆಗ ಹೊಳೆಯಲಿಲ್ಲ.

ಗಂಗತ್ತಿ ಮಾತ್ರ ಬಂದವಳೇ ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದಳು. "ನಮ್ಮಪ್ಪ ಇನ್ನಾ ಗಟ್ಟಿ ಅದಾನ. ನೀ ಮೀಸಿ ತಗಸೀದಿ? ಅಂವ ನೋಡಿದ್ರ ಏನಂತ ತಿಳಕೊಂಡಾನು? ನಾ ಇದ್ದಾಗನ ನನ್ನ ಕರ್ಮ ಮುಗಿಸ್ಯಾನ ಮಗ, ಅಂತಾನ." ಅತ್ತೆ ಅಳುತ್ತಾ ಕೊನೆಗೆ ಹೇಳಿದ್ದು, "ಮೀಸಿ ಬರೂ ತನಕಾ ಊರಿಗಿ ಹೋಗಬ್ಯಾಡ. ಅವಗ ಮಾರಿ ತೋರಸಬ್ಯಾಡ." ನನ್ನ ಕಿವಿಯ ಸುದ್ದಿಯನ್ನೂ ಮುತ್ಯಾಗೆ ಹೇಳಬಾರದು ಅಂತ ಅವತ್ತೇ ಎಲ್ಲರೂ ಸೇರಿ ತೀರ್ಮಾನಿಸಿದರು. ನಾನು ಅವನಿಗೆ ಮೊದಲ ಮೊಮ್ಮಗಳು. ಕೇಳಿದರೆ ಅನ್ನ ನೀರು ಬಿಡುತ್ತಾನೆ ಅಂತ ಅವರ ಲೆಕ್ಕ. ಕೆಟ್ಟದ್ದನ್ನು ಯಾರೂ ಬಯಸಲಿಲ್ಲ. ಪ್ರೀತಿಯಿಂದಲೇ ಒಬ್ಬ ಮುದುಕನನ್ನು ಕತ್ತಲಲ್ಲಿಟ್ಟರು.

ಪ್ರತಿ ವರ್ಷ ಎರಡು ಮೂರು ಸಲ ಊರಿಗೆ ಹೋಗುತ್ತಿದ್ದ ಅಪ್ಪ ನಿಲ್ಲಿಸಿಬಿಟ್ಟ. ಫೋನಿನಲ್ಲಿ ಮುತ್ಯಾ, "ಸವೂಗ ಕೊಡು" ಅಂತಿದ್ದನಂತೆ. ಫೋನಿನ ಮಾತು ನನಗೆ ಬರೀ ಗೊರಗೊರ. ಅಪ್ಪ ಪ್ರತಿ ಸಲ, "ಕಾಲೇಜಿಗಿ ಹೋಗ್ಯಾಳ" ಅನ್ನುವನು. ಭಾನುವಾರವೂ ಕಾಲೇಜಿಗೆ ಹೋಗುವ ಮೊಮ್ಮಗಳು! ಚಿಕ್ಕಪ್ಪನ ಮಗ ವಿಡಿಯೋ ಕಾಲ್ ಹಚ್ಚಿದಾಗ ಅಪ್ಪ ಬಾಯಿಗೆ ಟವೆಲ್ ಹಿಡಿದು ಕೂರುತ್ತಿದ್ದ, ಹಲ್ಲುನೋವು ಅಂತ. ಪಾಪ ಮುತ್ಯಾ ಅದನ್ನು ನಂಬಿ ಊರಿಂದ ಬರುವವರ ಕೈಯಲ್ಲಿ ಲವಂಗ ಕಟ್ಟಿ ಕಳಿಸಿದ. ನಾವು ಆ ಲವಂಗ ನೋಡಿ ನಕ್ಕಿದ್ದೆವು.

ಒಮ್ಮೆ ದೀಪಾವಳಿಗೆ ಹೋಗಲೇಬೇಕು ಅಂತ ಅಪ್ಪ ಮೀಸೆ ಬಿಡಲು ಶುರುಮಾಡಿದ. ಬೆಳೆಯುತ್ತಾ ಬಂತು. ನನ್ನ "ಆಂ?" ಕೂಡ ಅದರ ಜೊತೆಗೇ ಬೆಳೆಯಿತು. ನನಗೆ ಆಗ ಸೆಮಿಸ್ಟರ್ ಪರೀಕ್ಷೆ. ಮನೆಗೆ ಬಂದು ಒಂದು ಮಾತೂ ತಿಳಿಯದೆ ಒಂದು ಸಂಜೆ ತಟ್ಟೆ ಬಿಟ್ಟು ಎದ್ದು ಹೋಗಿ ಅತ್ತುಬಿಟ್ಟೆ. ಯಾರಿಗೂ ಏನೂ ಅನ್ನಲಿಲ್ಲ, ಸುಸ್ತಾಗಿತ್ತು ಅಷ್ಟೆ. ಮರುದಿನ ಬೆಳಿಗ್ಗೆ ಅಪ್ಪನ ತುಟಿ ಮತ್ತೆ ಬೋಳು. ದೀಪಾವಳಿಗೆ ಅವ್ವ ಮತ್ತು ಗಂಗತ್ತಿ ಇಬ್ಬರೇ ಹೋಗಿ ಬಂದರು.

ಇನ್ನು ಕಾಲೇಜು. ಯಲಹಂಕದ ಆಚೆಗಿರುವ ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯ. ಕಿವಿ ಹೋದ ಮೇಲೆ ಅಲ್ಲಿ ನನಗೆ ದೊಡ್ಡ ಶತ್ರು ಅಂದರೆ ಪ್ರೊಜೆಕ್ಟರ್. ಲೈಟು ಆರಿಸಿದ ತಕ್ಷಣ ಪಾಠ ಮಾಡುವವರ ಮುಖ ಕತ್ತಲಲ್ಲಿ ಮುಳುಗುತ್ತದೆ. ಅಲ್ಲಿಗೆ ನನ್ನ ಕ್ಲಾಸ್ ಮುಗಿಯಿತು. ಎರಡನೆಯ ಶತ್ರು ಹಾಜರಿ. ತಲೆ ಬಗ್ಗಿಸಿಕೊಂಡು ಗಡಗಡ ನಂಬರ್ ಓದಿಬಿಡುತ್ತಾರೆ. ನಸ್ರೀನ್ ಇದ್ದ ದಿನ, "ಏ, ನಿನ್ ನಂಬರ್ ಕಣೇ" ಎಂದು ತಿವಿಯುವಳು, ನಾನು "ಪ್ರೆಸೆಂಟ್ ಸರ್" ಅನ್ನುವೆನು. ಅವಳು ಬರದ ದಿನ ನಾನು ಎದುರಿಗೇ ಕೂತಿದ್ದರೂ ಗೈರುಹಾಜರು. ನಮ್ಮ ಕ್ಲಾಸ್ ಮೆಂಟರಿಗೆ ಹೋಗಿ ಹೇಳಿಕೊಂಡೆ. ಒಳ್ಳೆಯ ಮನುಷ್ಯ. ನನಗೆ ತಿಳಿಯಲಿ ಅಂತ ಜೋರಾಗಿ, ಬಾಯಿ ಅಗಲಿಸಿ ಹೇಳಿದರು: "ಅಯ್ಯೋ ಹೌದಾಮ್ಮ? ಫಸ್ಟ್ ಬೆಂಚಲ್ಲಿ ಕೂತ್ಕೋ. ಧೈರ್ಯವಾಗಿರು." ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆ ಅದೇ ಕ್ಯಾಂಪಸ್ಸಿನಲ್ಲಿ ಒಂದು ನೆರವು ಘಟಕ ಇದೆ ಅಂತ ಅವರಿಗೂ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ, ಇರಬಹುದು ಅಂತ ಹೊಳೆದರಲ್ಲವೇ ಕೇಳುವುದು. ಜೊತೆಗೆ ಅವ್ವನ ಮಾತೊಂದಿತ್ತು: "ಅಂಗವಿಕಲೆ ಅಂತ ಸರ್ಟಿಫಿಕೇಟ್ ಮಾಡಿಸಿದ್ರ ನಾಳೆ ನಿನ್ನ ಯಾರು ಮಾಡಿಕೋತಾರ?" ಹಾಗಾಗಿ ನನ್ನ ಪಾಲಿನ ವಿಶ್ವವಿದ್ಯಾಲಯದ ನೆರವು ಅಂದರೆ ಮೊದಲ ಬೆಂಚು ಮತ್ತು ನಸ್ರೀನಳ ಮೊಣಕೈ.

ಮೂರನೇ ವರ್ಷ ಶುರುವಾದ ಸ್ವಲ್ಪ ದಿನಕ್ಕೆ ಊರಿಂದ ಫೋನ್ ಬಂತು. ನಾನು ಅಪ್ಪನ ತುಟಿಯನ್ನೇ ನೋಡುತ್ತಿದ್ದೆ. "ಯಾವಾಗ?" ಅಂದ. ಮತ್ತೆ, "ನನ್ನ ಕೇಳಿದ್ನೇನು?" ಅಂದ. ಅಷ್ಟೇ ಅಂದದ್ದು. ಮುತ್ಯಾ ಎತ್ತಿಗೆ ನೀರು ಕುಡಿಸಿ ಬಂದು ಕಟ್ಟೆಯ ಮೇಲೆ ಮಲಗಿದವನು ಏಳಲಿಲ್ಲವಂತೆ.

ನಾವು ತಲುಪುವ ಹೊತ್ತಿಗೆ ನಮ್ಮ ಪದ್ಧತಿಯಂತೆ ಮುತ್ಯಾನ ಹೆಣವನ್ನು ಅಂಗಳದಲ್ಲಿ ಕೂರಿಸಿದ್ದರು. ಅಲ್ಲಿದ್ದ ಹೆಂಗಸರೆಲ್ಲ ನನ್ನನ್ನು ನೋಡಿ ಏನೋ ಅಂದುಕೊಳ್ಳುತ್ತಿದ್ದರು. ಪಿಸುಮಾತಾಡುವಾಗ ಯಾರೂ ಬಾಯಿಗೆ ಕೈ ಅಡ್ಡ ಹಿಡಿದಿರಲಿಲ್ಲ. ತುಟಿ ಓದಲು ಕಲಿತವರಿಗೆ ಇದೊಂದು ಶಿಕ್ಷೆ. "ಬೆಂಗಳೂರಾಗ ಓದಾಕ ಹತ್ತಿದ ಮ್ಯಾಲ ಸೊಕ್ಕ ಬಂದೈತಿ. ಮುದುಕ ಬಾ ಬಾ ಅಂತಿದ್ದ, ಒಂದಿನಾನೂ ಫೋನಿಗಿ ಬರಲಿಲ್ಲ ಹುಡುಗಿ." ಹಾಗಂತ ಮುತ್ಯಾನೇ ಅವರಿಗೆಲ್ಲ ಹೇಳಿಕೊಂಡಿರಬೇಕು. ಅವನ ತಣ್ಣಗಿನ ಕೈ ಹಿಡಿದು ಕೂತೆ. ಮುತ್ಯಾನ ದನಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ದಿನಕರ್ಮದ ಬೆಳಿಗ್ಗೆ ಬಾವಿಯ ಹತ್ತಿರ ಚಿಕ್ಕಪ್ಪನ ತಲೆ, ಮೀಸೆ ಬೋಳಿಸಿದ ಮೇಲೆ ಅಪ್ಪನ ಸರದಿ. ತಲೆ ಮುಗಿಸಿ ಕತ್ತಿ ಹಿಡಿದು ಮುಂದೆ ಬಂದ ಹಡಪದ ಕಾಕಾ ಅಪ್ಪನ ಗದ್ದ ಎತ್ತಿ ನೋಡಿ, ಸುತ್ತ ನಿಂತವರನ್ನು ನೋಡಿ, ಸುಮ್ಮನೆ ಆ ಬೋಳು ತುಟಿಯ ಮೇಲೆ ಒಂದಿಷ್ಟು ನೀರು ಹಚ್ಚಿ ಕತ್ತಿ ಆಡಿಸಿದ. ಮರ್ಯಾದೆ ಉಳಿಸಿದ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ.

ಬೆಂಗಳೂರಿಗೆ ಬಂದಾಗ ನೋಟಿಸ್ ಬೋರ್ಡಿನಲ್ಲಿ ಹಾಜರಿ ಕಡಿಮೆ ಇದ್ದವರ ಪಟ್ಟಿಯಲ್ಲಿ ನಾನಿದ್ದೆ. ಪರೀಕ್ಷೆಗೆ ಕೂರಿಸುವುದಿಲ್ಲ ಅಂದರು. ನಸ್ರೀನ್ ನನ್ನ ಕೈ ಹಿಡಿದು ಒಂದೊಂದೇ ಆಫೀಸು ಹತ್ತಿಸಿ ಇಳಿಸಿದಳು, ಎಲ್ಲ ಕಡೆಯೂ ಅವಳೇ ಮಾತಾಡಿದಳು. "ಅವ್ಳು ದಿನಾ ಬಂದಿದಾಳೆ ಸರ್, ನೀವ್ ಕೂಗಿದ್ದು ಕೇಳಿಸಿಲ್ಲ ಅಷ್ಟೇ! ಅದಕ್ಕೆ ಆಬ್ಸೆಂಟ್ ಹಾಕಿದ್ರೆ ಹೆಂಗೆ?" ಕೊನೆಗೆ ಯಾರೋ ಒಬ್ಬರು, ಪರೀಕ್ಷಾ ವಿಭಾಗದ ಕೆಳಗೆ ಮೆಟ್ಟಿಲ ಹಿಂದಿನ ಕೋಣೆಗೆ ಹೋಗಿ ಅಂದರು.

ಆ ಕೋಣೆಯಲ್ಲಿ ಶೈಲಜಾ ಮೇಡಂ ಇದ್ದರು, ನೆರವು ಘಟಕದವರು. ನನ್ನ ಮುಖ ನೋಡಿಯೇ ಮಾತಾಡಿದರು, ನಿಧಾನವಾಗಿ. ಆಸ್ಪತ್ರೆಯ ಕಾಗದ ನೋಡಿ, "ಸರ್ಟಿಫಿಕೇಟ್ ಆಮೇಲೆ ಮಾಡ್ಸಿದ್ರಾಯ್ತು. ಸದ್ಯಕ್ಕೆ ಇದೇ ಸಾಕು" ಅಂದರು. ಹಾಜರಿಯ ವಿಚಾರ ಒಂದು ಪತ್ರದಲ್ಲಿ ಮುಗಿಯಿತು. ಆಮೇಲೆ ಅವರು ಕಬ್ಬಿಣದ ಬೀರು ತೆರೆದು ಪ್ಲಾಸ್ಟಿಕ್ ಕೂಡ ಬಿಚ್ಚದ ಒಂದು ಪೆಟ್ಟಿಗೆ ತೆಗೆದರು. ಅದರಲ್ಲಿ ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಮೈಕು. ಪಾಠ ಮಾಡುವವರು ಅದನ್ನು ಹಾಕಿಕೊಂಡರೆ ಅವರ ಮಾತು ತಂತಿಯಿಲ್ಲದೆ ನೇರ ನನ್ನ ಕಿವಿಯ ಯಂತ್ರಕ್ಕೆ ಬರುತ್ತದೆ, ಸುತ್ತಲ ಗದ್ದಲವನ್ನೆಲ್ಲ ಮುಚ್ಚಿಬಿಡುತ್ತದೆ. ನಸ್ರೀನ್ ಅದನ್ನು ಹಾಕಿಕೊಂಡು ಕಾರಿಡಾರಿನ ಆಚೆ ತುದಿಗೆ ಓಡಿ, "ಸವಿತಾ, ನಿನ್ ಮೈ ಈಗ್ಲೂ ಬೆಳ್ಳುಳ್ಳಿ ವಾಸ್ನೆ ಕಣೇ" ಅಂದಳು. ಪ್ರತಿ ಅಕ್ಷರ ಕೇಳಿಸಿತು. ನಾನು ನಗುತ್ತಾ ಅಳುತ್ತಾ ನಿಂತೆ.

"ಇದು ಯಾವಾಗ ಬಂತು ಮೇಡಂ?" ಅಂತ ಕೇಳಿದೆ.

ಮೇಡಂ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದರು. "ನಾನು ಇಲ್ಲಿಗೆ ಸೇರಿ ನಾಲ್ಕು ವರ್ಷ ಆಯ್ತಮ್ಮ, ಅದಕ್ಕೂ ಮುಂಚೆನೇ ಇತ್ತು. ಯಾವ್ದೋ ತಪಾಸಣೆಗೆ ಅಂತ ತರ್ಸಿದ್ರು. ಯಾರೂ ಕೇಳ್ಕೊಂಡು ಬರ್ಲಿಲ್ಲ."

ನಾನು ಆ ಕಾಲೇಜಿಗೆ ಸೇರುವ ಮುಂಚೆಯೇ ಅದು ಅಲ್ಲಿತ್ತು. ಅಪ್ಪ ಸಲೂನಿನ ಕುರ್ಚಿಯಲ್ಲಿ ಕೂತ ಭಾನುವಾರ, ಟವೆಲ್ ಹಿಡಿದು ಕೂತ ಭಾನುವಾರಗಳು, ದೀಪಾವಳಿ, ಎಲ್ಲ ಹೊತ್ತಿನಲ್ಲೂ ನನ್ನ ಕ್ಲಾಸಿನಿಂದ ಎರಡು ಕಟ್ಟಡದಾಚೆ ಬೀರುವಿನಲ್ಲಿ ಅದು ಸುಮ್ಮನೆ ಬಿದ್ದಿತ್ತು. ಯಾರ ಮೇಲೆ ಸಿಟ್ಟು ಮಾಡಲಿ? ಮೆಂಟರು ಒಳ್ಳೆಯವರು. ಅವ್ವನದು ಹೆದರಿಕೆ. ಮೇಡಂ ಕಾಯುತ್ತಾ ಕೂತಿದ್ದರು. ಇದನ್ನು ಓದುವವರಲ್ಲಿ ನನ್ನಂಥವರು ಯಾರಾದರೂ ಇದ್ದರೆ ಅವರಿಗೆ ನಾನು ಹೇಳುವುದು ಇಷ್ಟೇ: ಮೊದಲ ವಾರದಲ್ಲೇ ಹೋಗಿ ಕೇಳಿ. ಮೆಟ್ಟಿಲ ಹಿಂದೆಯೂ ನೋಡಿ. ಬೇಡ ಅನ್ನಿಸಿಕೊಂಡರೂ ಪರವಾಗಿಲ್ಲ, ಕೇಳದೆ ಉಳಿಯಬೇಡಿ. ನಾನು ತಡವಾಗಿ ಹೋದದ್ದರಿಂದ ನನ್ನದೇನೂ ಹಾಳಾಗಲಿಲ್ಲ, ಡಿಗ್ರಿ ಮುಗಿಸಿದೆ, ಈಗ ಅಲ್ಲಾಳಸಂದ್ರದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಹಾಳಾದದ್ದು ಬೇರೆಯವರದು.

ಆ ವಾರದ ಕೊನೆಗೆ ಮೇಡಂ ಮೈಕನ್ನು ಮನೆಗೂ ಒಯ್ಯಲು ಬಿಟ್ಟರು. ಭಾನುವಾರ ಬೆಳಿಗ್ಗೆ ಅದನ್ನು ಅಪ್ಪನ ಕೊರಳಿಗೆ ಹಾಕಿದೆ. ಬಟನ್ ಒತ್ತಿ ಹಸಿರು ದೀಪ ಹತ್ತಿಸಿದ್ದು ನಾನೇ. ಅವನು ಗಮನಿಸಿದ ಹಾಗೆ ಕಾಣಲಿಲ್ಲ. "ಇದಕ್ಕಿಂತ ಮೊದಲ ಸಿಕ್ಕಿದ್ರ..." ಅಂದವನು ಮಾತು ನುಂಗಿಕೊಂಡ. "ದೂರ ಹೋಗಿ ಮಾತಾಡಪ್ಪಾ, ನೋಡೂಣು" ಅಂದೆ. ಹಿತ್ತಲ ಬಾಗಿಲು ತೆಗೆದು ಒಗೆಯುವ ಕಲ್ಲಿನ ಕಡೆ ಹೋಗಿ ಬಾಗಿಲು ಎಳೆದುಕೊಂಡ. ಅಡುಗೆಮನೆಯಲ್ಲಿ ಅವ್ವ ಮಿಕ್ಸಿ ಹಾಕಿದ್ದಳು.

ಮೊದಲು ಉಸಿರು ಕೇಳಿಸಿತು. ನಲ್ಲಿ ತಿರುಗಿಸಿದ ಸದ್ದು, ನೀರಿನ ಸದ್ದು. ಆಮೇಲೆ ಅಪ್ಪನ ದನಿ. ಅದು ನನಗೆ ಹೇಳಿದ್ದಲ್ಲ.

"ಯಪ್ಪಾ, ನನಗ ಬರಾಕ ಮನಸಿಲ್ಲಂತ ಉಳೀಲಿಲ್ಲೋ. ನಿನಗ ಈ ಮಾರಿ ಹ್ಯಾಂಗ ತೋರಸಲಿ ಅಂತ ಬರಲಿಲ್ಲ. ನಿನ್ನ ಮೊಮ್ಮಗಳಿಗಿ ನನ್ನ ಮಾತು ತಿಳೀಬೇಕಾಗಿತ್ತು. ಅಕಿ ಸೊಕ್ಕಿನಾಕಿ ಅಲ್ಲೋ ಯಪ್ಪಾ. ಅಕಿಗಿ ಕೇಳತಿದ್ದಿಲ್ಲ. ನಿನಗ ಹೇಳಬೇಕಾಗಿತ್ತು... ಹೇಳಬೇಕಾಗಿತ್ತು ನಾ."

ಮತ್ತೆ ನೀರಿನ ಸದ್ದು. ಅದರ ಹಿಂದೆ ಅಪ್ಪ ಅಳುವುದು. ಮುತ್ಯಾ ಸತ್ತ ದಿನವೂ ಅಳದಿದ್ದವನು ನನ್ನ ಎರಡೂ ಕಿವಿಯೊಳಗೆ, ಅಷ್ಟು ಹತ್ತಿರದಲ್ಲಿ ಅಳುತ್ತಿದ್ದ. ಯಂತ್ರ ಕಿತ್ತು ಇಡಬೇಕು ಅನ್ನಿಸಿತು, ಕೈ ಏಳಲಿಲ್ಲ.

ಮುಖ ತೊಳೆದು, ಪಂಚೆಯ ಅಂಚಿನಿಂದ ಒರೆಸಿಕೊಳ್ಳುತ್ತಾ ಒಳಗೆ ಬಂದ. ಕೊರಳಲ್ಲಿ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಈಗ ಅದು ಅವನ ಕಣ್ಣಿಗೂ ಬಿತ್ತು. ನಿಂತಲ್ಲೇ ನಿಂತ. "ಏನಾರ ಕೇಳಿಸ್ತೇನವ್ವ?" ಅಂದ.

"ಇಲ್ಲಪ್ಪಾ," ಅಂದೆ. "ಬಟನ್ ಒತ್ತಿಲ್ಲ ಕಾಣಸ್ತದ ನೀ."

ಅವನ ಹೆಗಲು ಸಡಿಲಾದದ್ದು ಕಂಡಿತು. ಹೆಬ್ಬೆರಳಿನಿಂದ ಬಟನ್ ಗಟ್ಟಿಯಾಗಿ ಒತ್ತಿದ. ದೀಪ ಆರಿತು. ನನ್ನ ಕಿವಿಯಲ್ಲಿ ಎಲ್ಲ ನಿಂತುಹೋಯಿತು. ಅಪ್ಪ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ನಿಧಾನವಾಗಿ ತುಟಿ ಆಡಿಸಿದ: ಈಗ?

"ಹೂಂ," ಅಂದೆ. "ಈಗ ಸ್ವಚ್ಛ ಕೇಳಸ್ತದ."